ಕರೆಂಟಿನ ಪೈಪೋಟಿ, ಕಂಪನಿಯ ಖಜಾನೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯುತ್ ಮಾರುಕಟ್ಟೆಯನ್ನು ಪೈಪೋಟಿಗೆ ತೆರೆಯಬೇಕೇ ಎಂಬ ಮಾತು ಎದ್ದಾಗಲೆಲ್ಲ ಜನ ಎರಡು ಗುಂಪಾಗುತ್ತಾರೆ. ಒಂದು ಗುಂಪಿಗೆ ಹಳೆಯ ವಿತರಣಾ ಕಂಪನಿ ಎಂದರೆ ಹೇಳುವವರು ಕೇಳುವವರು ಇಲ್ಲದ ಏಕಸ್ವಾಮ್ಯ. ಇನ್ನೊಂದು ಗುಂಪಿಗೆ ಹೊಸ ಮಾರಾಟಗಾರ ಎಂದರೆ ಕೆನೆ ತಿಂದು ಹಾಲು ಬಿಟ್ಟುಹೋಗುವ ಬೆಕ್ಕು. ಎರಡರಲ್ಲೂ ಅಷ್ಟಿಷ್ಟು ನಿಜವಿದೆ. ಆದರೆ ಜಗಳದ ಗದ್ದಲದಲ್ಲಿ ಒಂದು ಪ್ರಶ್ನೆ ಕಳೆದುಹೋಗುತ್ತದೆ: ಸಗಟು ದರ ದಿಢೀರನೆ ಹತ್ತು ಪಟ್ಟು ಏರಿದ ದಿನ ಆ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆ, ಅದನ್ನು ಹೊರುವ ಶಕ್ತಿ ಅವರಿಗೆ ಇದೆಯೇ? ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ.

ತಂತಿ ಒಂದೇ, ಅದರಲ್ಲಿ ಹರಿಯುವ ಕರೆಂಟೂ ಒಂದೇ. ಪೈಪೋಟಿ ಎಲ್ಲಿಂದ ಬಂತು?

ವಿದ್ಯುತ್ ವ್ಯವಹಾರದಲ್ಲಿ ನಾಲ್ಕು ಕೆಲಸಗಳಿವೆ. ಉತ್ಪಾದಿಸುವುದು, ದೂರಕ್ಕೆ ಸಾಗಿಸುವುದು, ಬೀದಿ ಬೀದಿಗೆ ಮುಟ್ಟಿಸುವುದು, ಕೊನೆಗೆ ಬಿಲ್ಲು ಕೊಟ್ಟು ಹಣ ಪಡೆಯುವುದು. ನಡುವಿನ ಎರಡೂ ತಂತಿಯ ಕೆಲಸ. ಒಂದೇ ಬೀದಿಯಲ್ಲಿ ಮೂರು ಕಂಪನಿಗಳು ಸಾಲಾಗಿ ಕಂಬ ನೆಡುವುದು ಶುದ್ಧ ದುಂದುವೆಚ್ಚ. ಹಾಗಾಗಿ ಅಲ್ಲಿ ಏಕಸ್ವಾಮ್ಯ ಉಳಿಯುತ್ತದೆ, ಅದರ ದರವನ್ನು ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ. ಪೈಪೋಟಿ ನಡೆಯುವುದು ಎರಡು ತುದಿಗಳಲ್ಲಿ, ಅಂದರೆ ಉತ್ಪಾದನೆಯಲ್ಲಿ ಮತ್ತು ಮಾರಾಟದಲ್ಲಿ. ಚಿಲಿ ದೇಶ 1982ರ ಕಾನೂನಿನಿಂದ ಈ ದಾರಿ ಹಿಡಿಯಿತು. 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್, 1991ರಲ್ಲಿ ನಾರ್ವೆ ಹಿಂಬಾಲಿಸಿದವು.

ತಂತಿಯೊಳಗಿನ ಕರೆಂಟಿಗೆ ಹೆಸರು ಬರೆದಿರುವುದಿಲ್ಲ. ಮಾರಾಟಗಾರನನ್ನು ಬದಲಿಸಿದರೆ ಬದಲಾಗುವುದು ಲೆಕ್ಕದ ಪುಸ್ತಕ ಮಾತ್ರ. ಪ್ರತಿ ಮಾರಾಟಗಾರ ತನ್ನ ಗ್ರಾಹಕರು ಬಳಸಿದಷ್ಟು ವಿದ್ಯುತ್ತನ್ನು ಸಗಟಿನಲ್ಲಿ ಕೊಂಡಿದ್ದಾನೆಯೇ ಎಂದು ಅರ್ಧ ಗಂಟೆಗೋ ಕಾಲು ಗಂಟೆಗೋ ಒಮ್ಮೆ ತಾಳೆ ನೋಡುತ್ತಾರೆ. ಕಡಿಮೆ ಬಿದ್ದಷ್ಟಕ್ಕೆ ಅವನು ಆ ಹೊತ್ತಿನ ದರ ತೆರಬೇಕು. ಆ ಹೊತ್ತಿನ ದರ ಎಂಬ ಮೂರು ಪದಗಳಲ್ಲೇ ಮುಂದಿನ ಅನಾಹುತಗಳ ಬೀಜವಿದೆ.

ಪೈಪೋಟಿಯಿಂದ ಹಳೆಯ ಕಂಪನಿಗೆ ನಷ್ಟವಾದರೆ ಆಗಲಿ ಬಿಡಿ. ಸೋಮಾರಿತನಕ್ಕೆ ತಕ್ಕ ಶಿಕ್ಷೆಯಲ್ಲವೇ?

ಕೆಲವೊಮ್ಮೆ ಹೌದು. ಮೀಟರ್ ಓದದೆ, ಕಳ್ಳತನ ತಡೆಯದೆ, ದುಬಾರಿ ಕಲ್ಲಿದ್ದಲು ಕೊಂಡು ಕೈ ಕಚ್ಚಿಸಿಕೊಂಡ ಕಂಪನಿಯ ಮೇಲೆ ಕನಿಕರ ಬೇಕಿಲ್ಲ.

ಆದರೆ ಎಲ್ಲ ನಷ್ಟವೂ ಒಂದೇ ಜಾತಿಯದಲ್ಲ. ಸರ್ಕಾರವೇ ಹೇಳಿ ಕಟ್ಟಿಸಿದ ಸ್ಥಾವರದ ಸಾಲ, ಸರ್ಕಾರವೇ ಮಾಡಿಸಿದ ಇಪ್ಪತ್ತೈದು ವರ್ಷದ ಖರೀದಿ ಒಪ್ಪಂದ, ಯಾರೂ ಹೋಗದ ಹಳ್ಳಿಗೆ ಎಳೆದ ತಂತಿ, ಬಡವರಿಗೆ ಕೊಟ್ಟ ಅಗ್ಗದ ದರ: ಇವೆಲ್ಲ ಏಕಸ್ವಾಮ್ಯದ ಕಾಲದಲ್ಲಿ "ನೀನು ಖರ್ಚು ಮಾಡು, ಎಲ್ಲರ ಬಿಲ್ಲಿನಲ್ಲಿ ವಸೂಲಿ ಮಾಡಿಕೊಳ್ಳಲು ಬಿಡುತ್ತೇವೆ" ಎಂಬ ಮಾತಿನ ಮೇಲೆ ನಡೆದವು. ಮಾರುಕಟ್ಟೆ ತೆರೆದ ಮರುದಿನ ಹೊಸಬ ಆ ಯಾವ ಹೊರೆಯೂ ಇಲ್ಲದೆ ಓಟಕ್ಕೆ ನಿಂತರೆ, ಅವನು ಗೆದ್ದದ್ದು ಚುರುಕುತನದಿಂದಲೋ ಖಾಲಿ ಹೆಗಲಿನಿಂದಲೋ ತಿಳಿಯುವುದಿಲ್ಲ. ಹಳೆಯ ಮಾತಿನಿಂದ ಉಳಿದು ಸಿಕ್ಕಿಹಾಕಿಕೊಂಡ ಇಂಥ ವೆಚ್ಚವನ್ನು ಯಾರು ತೀರಿಸಬೇಕು ಎಂಬುದು ಮಾರುಕಟ್ಟೆ ತೆರೆಯುವ ಮೊದಲೇ ಇತ್ಯರ್ಥವಾಗಬೇಕಾದ ಸಂಗತಿ.

ಮೂರನೆಯ ಬಗೆಯ ನಷ್ಟ ಮಾರುಕಟ್ಟೆಯ ನಿಯಮಗಳೇ ಹುಟ್ಟಿಸುವಂಥದ್ದು. ಅತಿ ದೊಡ್ಡ ದಿವಾಳಿಗಳು ಬಂದದ್ದು ಇದರಿಂದ.

ಎಲ್ಲರೂ ಕ್ಯಾಲಿಫೋರ್ನಿಯಾ ಕ್ಯಾಲಿಫೋರ್ನಿಯಾ ಎನ್ನುತ್ತಾರೆ. ಅಲ್ಲಿ ಆದದ್ದೇನು?

1996ರಲ್ಲಿ ಕಾನೂನು ಬಂತು, 1998ರ ವಸಂತದಲ್ಲಿ ಮಾರುಕಟ್ಟೆ ತೆರೆಯಿತು. ಮೂರು ದೊಡ್ಡ ಖಾಸಗಿ ವಿತರಣಾ ಕಂಪನಿಗಳು ತಮ್ಮ ಅನಿಲ ಸ್ಥಾವರಗಳಲ್ಲಿ ಬಹುಪಾಲನ್ನು ಮಾರಿಬಿಟ್ಟವು. ಬೇಕಾದ ವಿದ್ಯುತ್ತನ್ನು ದಿನದಿನದ ವಿನಿಮಯ ಕೇಂದ್ರದಲ್ಲಿ ಕೊಳ್ಳಬೇಕಿತ್ತು. ದೀರ್ಘಾವಧಿ ಒಪ್ಪಂದ ಮಾಡಿಕೊಳ್ಳಲು ನಿಯಂತ್ರಕರು ಬಹುಮಟ್ಟಿಗೆ ಬಿಡಲಿಲ್ಲ. ಇತ್ತ ಗ್ರಾಹಕರ ದರವನ್ನು ಸ್ತಂಭನಗೊಳಿಸಲಾಯಿತು. ಸಗಟು ದರ ಇಳಿಯುತ್ತದೆ, ಚಿಲ್ಲರೆ ದರ ನಿಂತಲ್ಲೇ ನಿಲ್ಲುತ್ತದೆ, ನಡುವಿನ ಲಾಭದಲ್ಲಿ ಹಳೆಯ ಸ್ಥಾವರಗಳ ಸಾಲ ತೀರುತ್ತದೆ ಎಂಬುದು ಲೆಕ್ಕಾಚಾರ. ಗಮನಿಸಿ, ಆ ಸ್ತಂಭನವನ್ನು ಕಂಪನಿಗಳೂ ಸಂತೋಷದಿಂದಲೇ ಒಪ್ಪಿದ್ದವು. ಎರಡು ವರ್ಷ ಲೆಕ್ಕ ಸರಿಯಾಗಿಯೇ ನಡೆಯಿತು.

2000ದ ಬೇಸಿಗೆಯಲ್ಲಿ ಮಳೆ ಕಡಿಮೆ, ಜಲವಿದ್ಯುತ್ ಕಡಿಮೆ, ಅನಿಲದ ಬೆಲೆ ಏರಿಕೆ, ಬೇಡಿಕೆ ಜೋರು. ಅದರ ಮೇಲೆ ಎನ್ರಾನ್‌ನಂಥ ವಿದ್ಯುತ್ ವ್ಯಾಪಾರಿ ಕಂಪನಿಗಳ ಕೈಚಳಕ. ಡಿಸೆಂಬರ್ ಹೊತ್ತಿಗೆ ಸಗಟು ದರ ಮೆಗಾವ್ಯಾಟ್ ಗಂಟೆಗೆ, ಅಂದರೆ ಸಾವಿರ ಯೂನಿಟ್ಟಿಗೆ, 300 ಡಾಲರ್ ದಾಟಿತು. ಕಂಪನಿ ಗ್ರಾಹಕನಿಂದ ಪಡೆಯಬಹುದಾಗಿದ್ದ ಹಣ ಅದರ ಸಣ್ಣ ಪಾಲು. ಮಾರಿದ ಪ್ರತಿ ಯೂನಿಟ್ಟಿಗೂ ನಷ್ಟ, ಮಾರದೆ ಇರುವ ಹಾಗೂ ಇಲ್ಲ.

ಆಮೇಲೆ ನಡೆದದ್ದೇ ಈ ಕತೆಯ ಮುಖ್ಯ ಭಾಗ, ಅದನ್ನು ಜನ ಬೇಗ ಮರೆಯುತ್ತಾರೆ. ಕಂಪನಿಗಳಿಗೆ ಸಾಲ ಹುಟ್ಟಲಿಲ್ಲ. ಬಾಕಿ ಬರುವುದಿಲ್ಲ ಎಂದು ಹೆದರಿದ ಉತ್ಪಾದಕರು ಮಾರಲು ಹಿಂದೇಟು ಹಾಕಿದರು. ಅವರು ಮಾರಲೇಬೇಕೆಂದು ಕೇಂದ್ರ ಸರ್ಕಾರ ತುರ್ತು ಆದೇಶ ಹೊರಡಿಸಬೇಕಾಯಿತು. ಹಣ ಸಿಗದ ಸಣ್ಣ ಉತ್ಪಾದಕರು ಯಂತ್ರ ನಿಲ್ಲಿಸಿದರು. 2001ರಲ್ಲಿ ಸರದಿಯ ಮೇಲೆ ಕರೆಂಟು ಕಡಿತವಾಯಿತು. ಅಂದರೆ ಕತ್ತಲೆಗೆ ಸ್ಥಾವರಗಳ ಕೊರತೆಯಷ್ಟೇ ನಂಬಿಕೆಯ ಕೊರತೆಯೂ ಕಾರಣ. ವಿನಿಮಯ ಕೇಂದ್ರ ಜನವರಿಯಲ್ಲಿ ಬಾಗಿಲು ಹಾಕಿತು. ಏಪ್ರಿಲ್ 6ರಂದು ಆ ಮೂರು ಕಂಪನಿಗಳಲ್ಲೊಂದಾದ ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ದಿವಾಳಿ ಅರ್ಜಿ ಹಾಕಿತು. ಕೊನೆಗೆ ರಾಜ್ಯ ಸರ್ಕಾರವೇ ತನ್ನ ಜಲಸಂಪನ್ಮೂಲ ಇಲಾಖೆಯ ಮೂಲಕ ದುಬಾರಿ ದರದಲ್ಲಿ ವರ್ಷಗಟ್ಟಲೆಯ ಒಪ್ಪಂದ ಮಾಡಿಕೊಂಡು ವಿದ್ಯುತ್ ಕೊಂಡಿತು. ಆ ವೆಚ್ಚದಿಂದ ಗ್ರಾಹಕರು ತಪ್ಪಿಸಿಕೊಳ್ಳದಿರಲೆಂದು ಹೊಸದಾಗಿ ಯಾರೂ ಬೇರೆ ಮಾರಾಟಗಾರರನ್ನು ಆರಿಸಿಕೊಳ್ಳುವುದನ್ನೇ ತಡೆಹಿಡಿಯಿತು.

ಇದನ್ನು ಪೈಪೋಟಿಯ ಸೋಲು ಎನ್ನಬೇಕೋ ನಿಯಂತ್ರಣದ ಸೋಲು ಎನ್ನಬೇಕೋ ಎಂದು ಇಂದಿಗೂ ವಾದ ನಡೆಯುತ್ತದೆ. ನನ್ನ ಮಟ್ಟಿಗೆ ಎರಡೂ ಅಲ್ಲ. ಒಂದು ಬದಿಯ ಬಾಗಿಲು ತೆರೆದು ಇನ್ನೊಂದು ಬದಿಗೆ ಬೀಗ ಜಡಿದು, ನಡುವಿನವನ ಕೈ ಕಟ್ಟಿದ್ದರ ಫಲ ಅದು.

ಹಾಗಿದ್ದರೆ ಸಗಟು ದರವನ್ನು ನೇರವಾಗಿ ಗ್ರಾಹಕನಿಗೇ ದಾಟಿಸಿಬಿಡಬಹುದಲ್ಲ? ಕಂಪನಿ ಸೇಫ್.

ಟೆಕ್ಸಾಸ್‌ನಲ್ಲಿ ಗ್ರಿಡಿ ಎಂಬ ಮಾರಾಟಗಾರ ಮಾಡಿದ್ದು ಇದನ್ನೇ. ತಿಂಗಳಿಗೆ 9.99 ಡಾಲರ್ ಸದಸ್ಯತ್ವ, ಕರೆಂಟು ಮಾತ್ರ ಸಗಟು ದರಕ್ಕೇ. ಸಾಮಾನ್ಯ ತಿಂಗಳುಗಳಲ್ಲಿ ಗ್ರಾಹಕರು ಉಳಿತಾಯ ಮಾಡಿ ಖುಷಿಯಾಗಿದ್ದರು. 2021ರ ಫೆಬ್ರವರಿಯಲ್ಲಿ ಹಿಮಗಾಳಿ ಬೀಸಿ ಅನಿಲದ ಬಾವಿಗಳೂ ಸ್ಥಾವರಗಳೂ ಹೆಪ್ಪುಗಟ್ಟಿದವು. ಸಗಟು ದರವನ್ನು ಮೆಗಾವ್ಯಾಟ್ ಗಂಟೆಗೆ 9,000 ಡಾಲರಿನ ಗರಿಷ್ಠ ಮಿತಿಯಲ್ಲೇ ದಿನಗಟ್ಟಲೆ ಇರಿಸಲಾಯಿತು. ದಯವಿಟ್ಟು ನಮ್ಮನ್ನು ಬಿಟ್ಟು ಬೇರೆ ಕಡೆ ಹೋಗಿ ಎಂದು ಗ್ರಿಡಿ ತಾನೇ ಗ್ರಾಹಕರಿಗೆ ಹೇಳಿತ್ತು. ಹೋಗಲಾಗದೆ ಉಳಿದವರಿಗೆ ಸಾವಿರಾರು ಡಾಲರ್ ಬಿಲ್ಲು ಬಂತು. ಅವರು ಕಟ್ಟಲಿಲ್ಲ, ಕಟ್ಟಲು ಆಗುತ್ತಲೂ ಇರಲಿಲ್ಲ. ಮುಂದಿನ ತಿಂಗಳು ಕಂಪನಿಯೇ ದಿವಾಳಿ. ಹೊರಲಾಗದವನ ತಲೆಗೆ ಹೊರೆ ದಾಟಿಸಿದರೆ ಅದು ತಿರುಗಿ ಕೊಟ್ಟವನ ಕಾಲ ಮೇಲೇ ಬೀಳುತ್ತದೆ.

ಅದೇ ಬಿರುಗಾಳಿಯಲ್ಲಿ ಬ್ರಾಜೋಸ್ ಎಂಬ ವಿದ್ಯುತ್ ಸಹಕಾರಿ ಸಂಸ್ಥೆಯೂ ಬಿತ್ತು. ಅದು ಲಾಭಕ್ಕಾಗಿ ನಡೆಯುವ ಕಂಪನಿಯಲ್ಲ, ದಶಕಗಳಿಂದ ಅಚ್ಚುಕಟ್ಟಾಗಿ ನಡೆದುಕೊಂಡು ಬಂದದ್ದು. ಕೆಲವೇ ದಿನಗಳ ವಿದ್ಯುತ್ತಿಗೆ 200 ಕೋಟಿ ಡಾಲರಿಗೂ ಮೀರಿದ ಬಿಲ್ಲು ಬಂದು, ಅದನ್ನು ಕೆಲವೇ ದಿನಗಳಲ್ಲಿ ಕಟ್ಟಬೇಕಾಗಿ ಬಂದಾಗ, ಮಾರ್ಚ್ 1ರಂದು ದಿವಾಳಿ ರಕ್ಷಣೆ ಕೇಳಿತು. ಮುಂದಿನ ವರ್ಷದಿಂದ ಟೆಕ್ಸಾಸ್ ಗರಿಷ್ಠ ಮಿತಿಯನ್ನು 5,000 ಡಾಲರಿಗೆ ಇಳಿಸಿತು.

ಹಾಗೆಂದು ದರ ಗ್ರಾಹಕನಿಗೆ ತಿಳಿಯಲೇಬಾರದು ಎಂದಲ್ಲ. ಸಂಜೆಯ ಪೀಕ್ ಅವಧಿಯಲ್ಲಿ ತುಸು ಹೆಚ್ಚು, ನಡುರಾತ್ರಿ ತುಸು ಕಡಿಮೆ ಎಂಬ ವ್ಯತ್ಯಾಸ ಒಳ್ಳೆಯದೇ. ಗ್ರಾಹಕ ಬಟ್ಟೆ ಒಗೆಯುವ ಹೊತ್ತನ್ನು ಬದಲಿಸಬಲ್ಲ. ಹಿಮಗಾಳಿಯ ರಾತ್ರಿ ಹೀಟರ್ ಆರಿಸಲಾರ.

ಸಗಟು ದರಕ್ಕೇ ತಗ್ಗಿನ ಮಿತಿ ಹಾಕಿದರೆ ರಗಳೆಯೇ ಇಲ್ಲವಲ್ಲ?

ಆಸ್ಟ್ರೇಲಿಯಾದಲ್ಲಿ ಅಂಥ ವ್ಯವಸ್ಥೆ ಇತ್ತು. ವಾರದ ಒಟ್ಟು ದರ ಒಂದು ಮಟ್ಟ ದಾಟಿದರೆ ಮೆಗಾವ್ಯಾಟ್ ಗಂಟೆಗೆ 300 ಆಸ್ಟ್ರೇಲಿಯನ್ ಡಾಲರಿನ ಮಿತಿ ತಾನಾಗಿ ಜಾರಿಗೆ ಬರುತ್ತಿತ್ತು. 2022ರ ಜೂನ್‌ನಲ್ಲಿ ಅದು ಜಾರಿಗೆ ಬಂದಾಗ ಅನಿಲ, ಕಲ್ಲಿದ್ದಲಿನ ಬೆಲೆ ಎಷ್ಟು ಏರಿತ್ತೆಂದರೆ ಅನೇಕ ಸ್ಥಾವರಗಳಿಗೆ ಇಂಧನದ ಖರ್ಚೇ ಮಿತಿಗಿಂತ ಹೆಚ್ಚು. ಅವು ಮಾರುಕಟ್ಟೆಯಿಂದ ಹಿಂದೆ ಸರಿದವು. ಜೂನ್ 15ರಂದು ಗ್ರಿಡ್ ನಿರ್ವಾಹಕರು ಇಡೀ ಮಾರುಕಟ್ಟೆಯನ್ನೇ ಅಮಾನತಿನಲ್ಲಿಟ್ಟು, ಯಾವ ಸ್ಥಾವರ ಓಡಬೇಕೆಂದು ತಾವೇ ಆದೇಶ ಕೊಟ್ಟರು. ಮಿತಿ ಬೇಕು, ಆದರೆ ಇಂಧನದ ಬೆಲೆಗೆ ಕಣ್ಣು ಮುಚ್ಚಿಕೊಂಡ ಮಿತಿ ಕೆಲಸಕ್ಕೆ ಬರುವುದಿಲ್ಲ.

ಮಾರಾಟಗಾರರು ಹತ್ತಾರು ಜನರಿದ್ದಾಗ ಒಬ್ಬ ಮುಳುಗಿದರೆ ಏನಂತೆ? ಅಂಗಡಿಗಳು ಮುಚ್ಚುವುದಿಲ್ಲವೇ?

ಅಂಗಡಿ ಮುಚ್ಚಿದರೆ ನೀವು ಪಕ್ಕದ ಅಂಗಡಿಗೆ ಹೋಗುತ್ತೀರಿ. ಕರೆಂಟಿನ ಮಾರಾಟಗಾರ ಮುಳುಗಿದ ರಾತ್ರಿಯೂ ಅವನ ಗ್ರಾಹಕರ ಫ್ರಿಜ್ ಓಡುತ್ತಲೇ ಇರುತ್ತದೆ. ಆ ವಿದ್ಯುತ್ತಿಗೆ ಯಾರೋ ಒಬ್ಬರು ಹಣ ಕೊಡಬೇಕು.

ಬ್ರಿಟನ್ನಿನಲ್ಲಿ ಹೊಸ ಮಾರಾಟಗಾರರಿಗೆ ಬಾಗಿಲು ಅಗಲವಾಗಿ ತೆರೆದಿತ್ತು. ಒಂದು ಪರವಾನಗಿ, ಒಂದು ವೆಬ್‌ಸೈಟ್, ಒಂದಿಷ್ಟು ಜಾಹೀರಾತು, ವ್ಯವಹಾರ ಶುರು. ಎಷ್ಟೋ ಕಂಪನಿಗಳ ದುಡಿಮೆಯ ಬಂಡವಾಳ ಗ್ರಾಹಕರು ತಿಂಗಳು ತಿಂಗಳು ಮುಂಗಡವಾಗಿ ಕಟ್ಟಿದ ಹಣವೇ. ಸಗಟು ದರ ಇಳಿಯುತ್ತಿದ್ದಾಗ, ನಿನ್ನೆ ದುಬಾರಿಗೆ ಕೊಂಡಿಟ್ಟವನಿಗಿಂತ ಏನನ್ನೂ ಕೊಂಡಿಡದವನೇ ಅಗ್ಗಕ್ಕೆ ಮಾರಬಲ್ಲ. ಗಾಳಿ ಬಂದಾಗ ತೂರಿಕೊಂಡರು. ಎಚ್ಚರಿಕೆಯಿಂದ ಇದ್ದವನು ಗ್ರಾಹಕರನ್ನು ಕಳೆದುಕೊಂಡ, ಜೂಜಾಡಿದವನು ಬೆಳೆದ. ಮಾರುಕಟ್ಟೆ ತಪ್ಪು ಮಗುವಿಗೆ ಬಹುಮಾನ ಕೊಡುತ್ತಿತ್ತು.

2021ರ ಶರತ್ಕಾಲದಲ್ಲಿ ಅನಿಲದ ಬೆಲೆ ಮುಗಿಲಿಗೇರಿತು. 2019ರಿಂದ ಜಾರಿಯಲ್ಲಿದ್ದ ಗೃಹಬಳಕೆಯ ದರಮಿತಿ ಬದಲಾಗುತ್ತಿದ್ದದ್ದು ಆರು ತಿಂಗಳಿಗೊಮ್ಮೆ. ಸಗಟು ದರ ಬದಲಾಗುತ್ತಿದ್ದದ್ದು ದಿನಕ್ಕೊಮ್ಮೆ. ಒಂದು ವರ್ಷದೊಳಗೆ ಸುಮಾರು ಮೂವತ್ತು ಮಾರಾಟಗಾರರು ಮುಳುಗಿದರು. ಅವರ ಗ್ರಾಹಕರನ್ನು ಕೊನೆಯ ಆಸರೆಯ ಮಾರಾಟಗಾರ ಎಂದು ನೇಮಕವಾದ ಕಂಪನಿಗಳಿಗೆ ಹಂಚಲಾಯಿತು. ಬಲ್ಬ್ ಎಂಬ ಕಂಪನಿಗೆ 15 ಲಕ್ಷಕ್ಕೂ ಹೆಚ್ಚು ಗ್ರಾಹಕರಿದ್ದರು. ಅಷ್ಟು ಜನರನ್ನು ಒಮ್ಮೆಗೇ ಬೇರೆಯವರಿಗೆ ಹೊರಿಸಲಾಗದೆ ಸರ್ಕಾರದ ಹಣದಲ್ಲಿ ವಿಶೇಷ ಆಡಳಿತದಡಿ ನಡೆಸಿದರು. 2022ರ ಕೊನೆಯಲ್ಲಿ ಅದನ್ನು ಆಕ್ಟೋಪಸ್ ಎನರ್ಜಿ ಕೊಂಡಿತು. ಮುಳುಗಿದ ಇತರರ ಖರ್ಚು ಎಲ್ಲ ಮನೆಗಳ ಬಿಲ್ಲಿಗೆ ಸೇರಿತು. ಅಗ್ಗದ ದರದ ಆಸೆಗೆ ಬೀಳದೆ ಹಳೆಯ ಕಂಪನಿಯಲ್ಲೇ ಉಳಿದವರೂ ಕಟ್ಟಿದರು. ಉಂಡವನೊಬ್ಬ, ಎಲೆ ಎತ್ತಿದವನು ಇನ್ನೊಬ್ಬ.

ಅದಾದ ಮೇಲೆ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಮಾರಾಟಗಾರರಿಗೆ ಗ್ರಾಹಕರ ಸಂಖ್ಯೆಗೆ ತಕ್ಕ ಬಂಡವಾಳದ ಗುರಿ ಹಾಕಿತು, ದರಮಿತಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸತೊಡಗಿತು. ಬ್ಯಾಂಕ್ ತೆರೆಯುವವನಿಗೆ ಬಂಡವಾಳದ ನಿಯಮವಿರುವಾಗ, ಜನರ ಹಣವನ್ನು ಮುಂಗಡವಾಗಿ ಪಡೆಯುವ ಕರೆಂಟಿನ ಮಾರಾಟಗಾರನಿಗೆ ಮೊದಲೇ ಯಾಕೆ ಇರಲಿಲ್ಲ ಎಂಬುದು ನನಗೆ ಇನ್ನೂ ಸೋಜಿಗ.

ಮುಂಗಡ ಖರೀದಿ ಮಾಡಿದರೆ ಎಲ್ಲ ಸರಿಹೋಗುತ್ತದೆಯೇ?

ಬಹಳಷ್ಟು ಸರಿಹೋಗುತ್ತದೆ. ಒಬ್ಬ ಮಾರಾಟಗಾರ ಗ್ರಾಹಕರಿಗೆ ಒಂದು ವರ್ಷ 80ರ ದರದಲ್ಲಿ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ ಎಂದುಕೊಳ್ಳಿ. ಅದೇ ದಿನ ವರ್ಷದ ವಿದ್ಯುತ್ತನ್ನು 60ಕ್ಕೆ ಒಪ್ಪಂದ ಮಾಡಿಕೊಂಡರೆ, ತಂತಿಯ ಬಾಡಿಗೆ ಮತ್ತು ಕಚೇರಿ ಖರ್ಚಿಗೆ 20 ಉಳಿಯುತ್ತದೆ. ಸಗಟು ದರ 300ಕ್ಕೆ ಏರಿದರೂ ಅವನು ನಿದ್ದೆ ಮಾಡಬಹುದು. ಒಪ್ಪಂದವಿಲ್ಲದವನಿಗೆ ಪ್ರತಿ ಯೂನಿಟ್ಟಿಗೂ ಮಾರಿದ ದರದ ಮೂರು ಪಟ್ಟು ನಷ್ಟ.

ಆದರೆ ಒಂದು ವಿಚಿತ್ರ ಬಲೆಯಿದೆ. ವಿನಿಮಯ ಕೇಂದ್ರದಲ್ಲಿ ಮುಂಗಡ ವ್ಯವಹಾರ ಮಾಡಿದವರು ದರ ತಮ್ಮ ವಿರುದ್ಧ ಸರಿದಾಗಲೆಲ್ಲ ಹೆಚ್ಚುವರಿ ಠೇವಣಿ ಇಡಬೇಕು. ಮುಂದಿನ ವರ್ಷದ ವಿದ್ಯುತ್ತನ್ನು 60ಕ್ಕೆ ಮಾರಿಟ್ಟ ಉತ್ಪಾದಕ, ದರ 300 ಆದಾಗ ಯೂನಿಟ್ಟಿಗೆ 240ರಂತೆ ಇವತ್ತೇ ನಗದು ತರಬೇಕು. ಅವನಿಗೆ ನಿಜವಾದ ನಷ್ಟವೇನೂ ಆಗಿಲ್ಲ. ಮುಂದಿನ ವರ್ಷ ವಿದ್ಯುತ್ ಉತ್ಪಾದಿಸಿ ಕೊಟ್ಟಾಗ ಲೆಕ್ಕ ಚುಕ್ತಾ. ಆದರೆ ಅಲ್ಲಿಯವರೆಗೆ ನಗದು ಎಲ್ಲಿಂದ ಬರಬೇಕು? 2022ರ ಸೆಪ್ಟೆಂಬರಿನಲ್ಲಿ ಯುರೋಪಿನ ದೊಡ್ಡ ದೊಡ್ಡ ಕಂಪನಿಗಳು ಹೀಗೆ ಉಸಿರುಗಟ್ಟಿದಾಗ ಸ್ವೀಡನ್ 25,000 ಕೋಟಿ ಕ್ರೋನಾವರೆಗೆ, ಫಿನ್ಲೆಂಡ್ 1,000 ಕೋಟಿ ಯೂರೊವರೆಗೆ ನೆರವಿನ ಏರ್ಪಾಡು ಘೋಷಿಸಿದವು. ದಿವಾಳಿ ಎಂದರೆ ಆಸ್ತಿಗಿಂತ ಸಾಲ ಹೆಚ್ಚಾಗುವುದು ಎಂದು ಪುಸ್ತಕದಲ್ಲಿ ಓದಿರುತ್ತೇವೆ. ಕರೆಂಟಿನ ವ್ಯವಹಾರದಲ್ಲಿ ಶ್ರೀಮಂತನೂ ಶುಕ್ರವಾರ ಸಂಜೆ ನಗದಿಲ್ಲದೆ ಮುಳುಗಬಲ್ಲ.

ದೊಡ್ಡ ಗ್ರಾಹಕರು ಹೊರಗಿನಿಂದ ಅಗ್ಗಕ್ಕೆ ಕೊಂಡರೆ ಉಳಿದವರಿಗೇಕೆ ಹೊಟ್ಟೆಯುರಿ?

ದೊಡ್ಡ ಗ್ರಾಹಕ ಕಟ್ಟುವ ದರದಲ್ಲಿ ಅವನ ಕರೆಂಟಿನ ವೆಚ್ಚದ ಜೊತೆ ಇನ್ನೆರಡು ಸಂಗತಿಗಳು ಅಡಗಿರುತ್ತವೆ: ಹಳೆಯ ಒಪ್ಪಂದಗಳ ಪಾಲು, ಸಣ್ಣ ಗ್ರಾಹಕರಿಗೆ ಕೊಡುವ ಅಡ್ಡ ಸಬ್ಸಿಡಿ, ಅಂದರೆ ಅವರ ಅಗ್ಗದ ದರದ ಕೊರತೆ ತುಂಬಲು ದೊಡ್ಡವರಿಂದ ಪಡೆಯುವ ಹಣ. ಅವನು ಹೊರಟರೆ ಈ ಎರಡೂ ಉಳಿದವರ ಹೆಗಲಿಗೆ ಬರುತ್ತವೆ. ಅವರ ದರ ಏರುತ್ತದೆ. ಏರಿದ ದರ ಕಂಡು ಇನ್ನೊಬ್ಬ ದೊಡ್ಡವನು ಹೊರಡುತ್ತಾನೆ.

ತಡೆಯಲು ಇರುವ ಉಪಾಯ ನಿರ್ಗಮನ ಶುಲ್ಕ. ಅಮೆರಿಕದ ನೆವಾಡಾದಲ್ಲಿ ಎಂಜಿಎಂ ರೆಸಾರ್ಟ್ಸ್ ಎಂಬ ಹೋಟೆಲ್ ಕಂಪನಿ 2016ರಲ್ಲಿ ವಿತರಣಾ ಕಂಪನಿಯನ್ನು ಬಿಡಲು ಸುಮಾರು 8.7 ಕೋಟಿ ಡಾಲರ್ ಕಟ್ಟಿತು. ಭಾರತದ 2003ರ ವಿದ್ಯುತ್ ಕಾಯ್ದೆ ಒಂದೇ ಬಾರಿಗೆ ಕಟ್ಟಿಸಿಕೊಳ್ಳುವ ಬದಲು, ಓಪನ್ ಆಕ್ಸೆಸ್ ಮೂಲಕ, ಅಂದರೆ ಅದೇ ತಂತಿ ಬಳಸಿ ಹೊರಗಿನಿಂದ ವಿದ್ಯುತ್ ತರಿಸಿಕೊಳ್ಳುವವರ ಮೇಲೆ ಅಡ್ಡ ಸಬ್ಸಿಡಿ ಸರ್‌ಚಾರ್ಜ್ ಮತ್ತು ಹೆಚ್ಚುವರಿ ಸರ್‌ಚಾರ್ಜ್ ಹಾಕುತ್ತದೆ. ಅಡ್ಡ ಸಬ್ಸಿಡಿಯನ್ನು ಕ್ರಮೇಣ ಇಳಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ.

ಶುಲ್ಕ ಎಷ್ಟಿರಬೇಕು ಎಂಬಲ್ಲಿ ನಿಜವಾದ ಜಗಳ. ತೀರಾ ಕಡಿಮೆಯಾದರೆ ವಿತರಣಾ ಕಂಪನಿ ಸೊರಗುತ್ತದೆ. ತೀರಾ ಹೆಚ್ಚಾದರೆ ಬಾಗಿಲು ತೆರೆದಿದೆ ಎಂದು ಬೋರ್ಡು ಹಾಕಿ ಒಳಗಿನಿಂದ ಚಿಲಕ ಹಾಕಿದಂತೆ. ಹೊರಟವನು ಬಿಟ್ಟುಹೋದ ಹೊರೆಯಷ್ಟನ್ನೇ, ಅದೂ ಹಳೆಯ ಒಪ್ಪಂದಗಳು ಮುಗಿಯುವವರೆಗೆ ಮಾತ್ರ ವಸೂಲಿ ಮಾಡಬೇಕು. ವರ್ಷದಿಂದ ವರ್ಷಕ್ಕೆ ಇಳಿಯದ ನಿರ್ಗಮನ ಶುಲ್ಕ ಕಂಡರೆ ಅನುಮಾನಪಡಿ.

ಇನ್ನೊಂದು ಮಾತು. ಹೊರಟವನು ಕಷ್ಟಕಾಲದಲ್ಲಿ ಮರಳಿ ಬಂದರೆ? ಹೊರಗೆ ಅಗ್ಗವಿದ್ದಾಗ ಹೊರಗೆ, ದುಬಾರಿಯಾದಾಗ ಒಳಗೆ ಎಂಬುದು ಉಚಿತ ವಿಮೆ. ಹಿಂದಿರುಗುವವನಿಗೆ ಮುಂಚಿತ ನೋಟಿಸು, ಕನಿಷ್ಠ ಅವಧಿ, ಇಲ್ಲವೇ ಆ ಹೊತ್ತಿನ ದರ ಇರಲೇಬೇಕು.

ಛಾವಣಿಯ ಸೌರಫಲಕವೂ ಇದೇ ಸಮಸ್ಯೆಯೇ?

ಅದರ ತಮ್ಮ ಎನ್ನಬಹುದು. ತಂತಿ, ಟ್ರಾನ್ಸ್‌ಫಾರ್ಮರ್, ಸಬ್‌ಸ್ಟೇಷನ್ನಿನ ವೆಚ್ಚ ನೀವು ಎಷ್ಟು ಯೂನಿಟ್ ಬಳಸಿದಿರಿ ಎಂಬುದರಿಂದ ಹೆಚ್ಚು ಕಡಿಮೆ ಆಗುವುದಿಲ್ಲ. ಆದರೆ ಅದನ್ನು ಬಹುತೇಕ ಕಡೆ ಯೂನಿಟ್ ಲೆಕ್ಕದಲ್ಲೇ ವಸೂಲಿ ಮಾಡುತ್ತಾರೆ. ಫಲಕ ಹಾಕಿಸಿದವನು ಅರ್ಧ ಯೂನಿಟ್ ಕೊಂಡರೆ ತಂತಿಯ ಪಾಲೂ ಅರ್ಧವಾಯಿತು. ಸಂಜೆ ಮಾತ್ರ ಅವನಿಗೂ ಅದೇ ತಂತಿ ಬೇಕು.

ನೆವಾಡಾದ ನಿಯಂತ್ರಕರು 2015ರ ಡಿಸೆಂಬರಿನಲ್ಲಿ ನಿಗದಿತ ಶುಲ್ಕ ಏರಿಸಿ, ಗ್ರಿಡ್ಡಿಗೆ ಕೊಟ್ಟ ವಿದ್ಯುತ್ತಿನ ಬೆಲೆ ಇಳಿಸಿದರು. ತರ್ಕ ಸರಿಯಿತ್ತು, ಮಾಡಿದ ರೀತಿ ಒರಟು. ಈಗಾಗಲೇ ಸಾಲ ಮಾಡಿ ಫಲಕ ಹಾಕಿಸಿಕೊಂಡವರಿಗೂ ಹೊಸ ನಿಯಮ ಅನ್ವಯ ಎಂದುಬಿಟ್ಟರು. ಜನ ರೊಚ್ಚಿಗೆದ್ದರು, ಸೌರ ಕಂಪನಿಗಳು ರಾಜ್ಯ ಬಿಟ್ಟವು, 2017ರಲ್ಲಿ ಶಾಸನಸಭೆ ಬಹುಪಾಲು ಹಿಂದಕ್ಕೆ ತಿರುಗಿಸಿತು. ಕಂಪನಿಯ ಸಾಲಕ್ಕೆ ಹಳೆಯ ಮಾತು ಉಳಿಸಿಕೊಳ್ಳಬೇಕು ಎನ್ನುವವರು ಗ್ರಾಹಕನ ಸಾಲಕ್ಕೂ ಅದನ್ನೇ ಹೇಳಬೇಕಲ್ಲ.

ಇನ್ನೊಂದು ದಾರಿ ಕಂಪನಿಯ ಆದಾಯವನ್ನು ಮಾರಾಟದ ಪ್ರಮಾಣದಿಂದ ಬಿಡಿಸುವುದು. ವರ್ಷಕ್ಕೆ ಇಷ್ಟು ಆದಾಯ ಎಂದು ಆಯೋಗ ನಿಗದಿ ಮಾಡುತ್ತದೆ. ಮಾರಾಟ ಕಡಿಮೆಯಾದರೆ ಮುಂದಿನ ವರ್ಷ ದರ ತುಸು ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ. ಕ್ಯಾಲಿಫೋರ್ನಿಯಾ 1982ರಲ್ಲೇ ಇದನ್ನು ವಿದ್ಯುತ್ತಿಗೆ ತಂದಿತು.

ಸರ್ಕಾರ ದರ ಏರಿಸಲು ಬಿಡದಿದ್ದರೆ ಗ್ರಾಹಕನಿಗೆ ಲಾಭವೇ ತಾನೆ?

ಈ ವರ್ಷ ಲಾಭ. ಸ್ಪೇನ್ 2000ದ ಸುಮಾರಿಗೆ ಈ ಚಾಳಿ ಶುರುಮಾಡಿತು. ವಿದ್ಯುತ್ ವ್ಯವಸ್ಥೆಯ ಖರ್ಚು ಒಂದು, ಸರ್ಕಾರ ನಿಗದಿ ಮಾಡಿದ ದರದಿಂದ ಬರುವ ಹಣ ಇನ್ನೊಂದು. ಕೊರತೆಯನ್ನು ಕಂಪನಿಗಳಿಗೆ ಬರಬೇಕಾದ ಬಾಕಿ ಎಂದು ಬರೆದಿಟ್ಟುಕೊಳ್ಳುತ್ತ ಹೋದರು. ನಡುವೆ ಸೌರವಿದ್ಯುತ್ತಿಗೆ ಉದಾರ ದರದ ಭರವಸೆಯೂ ಸೇರಿತು. 2013ರ ಹೊತ್ತಿಗೆ ಆ ಬಾಕಿ 2,500 ಕೋಟಿ ಯೂರೊ ದಾಟಿತ್ತು. ಸರ್ಕಾರದ ಖಾತರಿಯೊಂದಿಗೆ ಬಾಂಡ್ ಮಾಡಿ ಮಾರಿದರು, ಗ್ರಾಹಕರು ಬಡ್ಡಿ ಸಮೇತ ವರ್ಷಗಟ್ಟಲೆ ಕಟ್ಟಿದರು. ಉತ್ಪಾದನೆಯ ಮೇಲೆ ಶೇ 7ರ ತೆರಿಗೆ ಬಂತು. ಸೌರ ಹೂಡಿಕೆದಾರರಿಗೆ ಕೊಟ್ಟ ಮಾತು ಮುರಿದದ್ದಕ್ಕೆ ಅಂತರರಾಷ್ಟ್ರೀಯ ಪಂಚಾಯಿತಿಗಳಲ್ಲಿ ಹತ್ತಾರು ಮೊಕದ್ದಮೆಗಳು ಬಿದ್ದವು. ಮಳೆ ನಿಂತರೂ ಮರದ ಹನಿ ನಿಲ್ಲಲಿಲ್ಲ.

ಇದರಲ್ಲಿ ಪೈಪೋಟಿಗೆ ಏನು ಸಂಬಂಧ? ಸರ್ಕಾರದ ದರ ವೆಚ್ಚಕ್ಕಿಂತ ಕೆಳಗಿದ್ದರೆ ಯಾವ ಹೊಸ ಮಾರಾಟಗಾರನೂ ಅದರ ಎದುರು ನಿಲ್ಲಲಾರ. ಕಂಪನಿಯೂ ಸೊರಗಿತು, ಪೈಪೋಟಿಯೂ ಹುಟ್ಟಲಿಲ್ಲ. ಬಡವರಿಗೆ ನೆರವು ಬೇಕಿದ್ದರೆ ಬಜೆಟ್ಟಿನಿಂದ ಕೊಡುವುದೇ ಪ್ರಾಮಾಣಿಕ ದಾರಿ, ಸಕಾಲಕ್ಕೆ ಕೊಟ್ಟರೆ.

ಹಳೆಯ ಕಂಪನಿಯೇ ಹೊಸಬರಿಗೆ ಅಗ್ಗಕ್ಕೆ ಮಾರಬೇಕು ಎಂಬ ನಿಯಮ ಹೇಗೆ?

ಫ್ರಾನ್ಸ್ ಪ್ರಯೋಗಿಸಿತು. ಅಣು ಸ್ಥಾವರಗಳೆಲ್ಲ ಅಲ್ಲಿನ ಹಳೆಯ ವಿದ್ಯುತ್ ಕಂಪನಿ ಇಡಿಎಫ್ ಕೈಯಲ್ಲಿದ್ದುದರಿಂದ ಹೊಸಬರಿಗೆ ಅವಕಾಶವೇ ಇರಲಿಲ್ಲ. 2011ರಿಂದ ಇಡಿಎಫ್ ವರ್ಷಕ್ಕೆ 10,000 ಕೋಟಿ ಯೂನಿಟ್‌ವರೆಗೆ ಅಣುವಿದ್ಯುತ್ತನ್ನು ಪ್ರತಿಸ್ಪರ್ಧಿಗಳಿಗೆ ನಿಗದಿತ ದರದಲ್ಲಿ ಮಾರಬೇಕಾಯಿತು. ಆ ದರ 2012ರಿಂದ ಮೆಗಾವ್ಯಾಟ್ ಗಂಟೆಗೆ 42 ಯೂರೊ ಇತ್ತು. ಸಮಸ್ಯೆ ಎಲ್ಲಿದೆ ನೋಡಿ: ಕೊಳ್ಳಲೇಬೇಕೆಂಬ ಕಟ್ಟುಪಾಡು ಪ್ರತಿಸ್ಪರ್ಧಿಗಳಿಗೆ ಇರಲಿಲ್ಲ. 2016ರಲ್ಲಿ ಸಗಟು ದರ 42ರ ಕೆಳಗಿಳಿದಾಗ ಬಹುತೇಕ ಯಾರೂ ಅತ್ತ ತಲೆ ಹಾಕಲಿಲ್ಲ. ದರ ಏರಿದಾಗ ಎಲ್ಲರೂ ಸಾಲು ನಿಂತರು.

2022ರಲ್ಲಿ ಅನೇಕ ಅಣು ಸ್ಥಾವರಗಳು ಕೊಳವೆಗಳ ಬಿರುಕಿನಿಂದ ನಿಂತಿದ್ದಾಗಲೇ ಸರ್ಕಾರ ಇನ್ನೂ 2,000 ಕೋಟಿ ಯೂನಿಟ್ ಕೊಡು ಎಂದಿತು. ಈಗಾಗಲೇ ಮಾರಿಟ್ಟಿದ್ದ ವಿದ್ಯುತ್ತನ್ನು ಇಡಿಎಫ್ ಮಾರುಕಟ್ಟೆಯಿಂದ ದುಬಾರಿಗೆ ಮರಳಿ ಕೊಂಡು ಪ್ರತಿಸ್ಪರ್ಧಿಗಳಿಗೆ ಅಗ್ಗಕ್ಕೆ ಕೊಟ್ಟಿತು. ಆ ವರ್ಷದ ನಷ್ಟ 1,790 ಕೋಟಿ ಯೂರೊ. 2023ರಲ್ಲಿ ಕಂಪನಿ ಪೂರ್ತಿ ಸರ್ಕಾರದ ಪಾಲಾಯಿತು. ಹೊಸಬರಿಗೆ ಕೊಡಲಿ, ಆದರೆ ಲಾಭವಿದ್ದಾಗ ಬರುವವನು ನಷ್ಟವಿದ್ದಾಗಲೂ ಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಲಿ.

ದರ ಏರಿಳಿಯುವ ಮಾರುಕಟ್ಟೆಯನ್ನು ನಂಬಿ ಹೊಸ ಸ್ಥಾವರ ಯಾರು ಕಟ್ಟುತ್ತಾರೆ?

ವರ್ಷಕ್ಕೆ ಕೆಲವೇ ಗಂಟೆ ಓಡುವ ಸ್ಥಾವರ ಆ ಕೆಲವೇ ಗಂಟೆಗಳಲ್ಲಿ ವರ್ಷದ ಖರ್ಚು ಗಳಿಸಬೇಕು. ದರಕ್ಕೆ ತಗ್ಗಿನ ಮಿತಿ ಹಾಕಿದರೆ ಅದು ಗಳಿಸಲಾರದು, ಹಾಕದಿದ್ದರೆ ಟೆಕ್ಸಾಸ್‌ನ ಕತೆ. ಹಾಗಾಗಿ ಬ್ರಿಟನ್, ಅಮೆರಿಕದ ಪೂರ್ವ ಭಾಗದ ಪಿಜೆಎಂ ಗ್ರಿಡ್ ಮುಂತಾದವು ಸಾಮರ್ಥ್ಯ ಮಾರುಕಟ್ಟೆ ನಡೆಸುತ್ತವೆ: ಬೇಕಾದಾಗ ಸಿದ್ಧವಿರುವುದಕ್ಕೇ ಹರಾಜಿನಲ್ಲಿ ಬೇರೆ ಹಣ. ದುಬಾರಿ ಎಂಬ ದೂರು ಇದ್ದೇ ಇದೆ.

ಇಷ್ಟೆಲ್ಲ ಯಾಕೆ, ಎಲ್ಲವನ್ನೂ ಸರ್ಕಾರವೇ ಇಟ್ಟುಕೊಂಡರೆ?

ಒಡೆತನ ಬೇರೆ, ಪೈಪೋಟಿ ಬೇರೆ. ನಾರ್ವೆಯ ಜಲವಿದ್ಯುತ್ ಬಹುಪಾಲು ಸರ್ಕಾರ ಮತ್ತು ನಗರಸಭೆಗಳ ಒಡೆತನದಲ್ಲಿದೆ, ಆದರೂ 1991ರಿಂದ ಅವು ಪರಸ್ಪರ ಪೈಪೋಟಿ ನಡೆಸುತ್ತಿವೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಮನೆಗಳಿಗೆ ವಿದ್ಯುತ್ ಕೊಡುವವರೆಲ್ಲ ಸಾರ್ವಜನಿಕ ಇಲ್ಲವೇ ಸಹಕಾರಿ ಸಂಸ್ಥೆಗಳೇ, ಚಿಲ್ಲರೆ ಪೈಪೋಟಿ ಇಲ್ಲ. ವೆಚ್ಚವನ್ನು ಮರೆಮಾಚದೆ, ಬಾಕಿ ಬೆಳೆಯಲು ಬಿಡದೆ ನಡೆಸಿದರೆ ಎರಡೂ ನಡೆಯುತ್ತವೆ.

ನಾನು ಮಾರಾಟಗಾರನನ್ನು ಬದಲಿಸಿದರೆ, ಕರೆಂಟು ಹೋದಾಗ ಯಾರಿಗೆ ಫೋನ್ ಮಾಡಲಿ?

ತಂತಿಯ ಕಂಪನಿಗೆ, ಮೊದಲು ಮಾಡುತ್ತಿದ್ದವರಿಗೇ. ಬಿಲ್ಲು ತಪ್ಪಾಗಿದ್ದರೆ ಹೊಸ ಮಾರಾಟಗಾರನಿಗೆ. ಬದಲಿಸುವ ಮುನ್ನ ಹಳೆಯವನ ಬಳಿ ಇರುವ ನಿಮ್ಮ ಠೇವಣಿ ಮತ್ತು ಮುಂಗಡದ ಲೆಕ್ಕ ಬರಹದಲ್ಲಿ ಕೇಳಿ ಪಡೆಯಿರಿ. ಮೀಟರ್ ಓದಿನ ಫೋಟೋ ತೆಗೆದಿಟ್ಟುಕೊಳ್ಳಿ. ಹೊಸ ದರ ಎಷ್ಟು ತಿಂಗಳಿಗೆ ನಿಗದಿಯಾಗಿದೆ, ನಡುವೆ ಏರಿಸುವ ಹಕ್ಕನ್ನು ಅವನು ಇಟ್ಟುಕೊಂಡಿದ್ದಾನೆಯೇ ಎಂಬುದು ಕರಾರಿನ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಉಳಿದ ಎಲ್ಲರಿಗಿಂತ ತೀರಾ ಅಗ್ಗಕ್ಕೆ ಕೊಡುತ್ತಿದ್ದರೆ, ಆ ವಿದ್ಯುತ್ತನ್ನು ಅವನು ಈಗಾಗಲೇ ಕೊಂಡಿಟ್ಟಿದ್ದಾನೆಯೇ ಎಂದು ಕೇಳಿ ನೋಡಿ. ಉತ್ತರ ಹೇಳಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ ಎಂಬುದನ್ನೂ ಗಮನಿಸಿ.